ಗಾಜಿನ ಪಕ್ಕದ ಕುರ್ಚಿ

ಎತೇರಿಗೆ ಹೇಳಲು ಏನೂ ಇರಲಿಲ್ಲ. ಮೂರನೇ ಸೋಮವಾರವೂ ಅದನ್ನೇ ಹೇಳಿದಳು.

"ಎಷ್ಟು ಸಲ ಹೇಳ್ಲಿ ನೋದಾರ್. ರೊಟ್ಟಿ ಬಡಿಯೋವಾಗ ನನ್ನ ತಲೆ ಒಲೆ ಒಳಗಿರುತ್ತೆ. ಬೀದೀಲಿ ಟ್ಯಾಂಕು ಹೋದ್ರೂ ಗೊತ್ತಾಗಲ್ಲ."

"ಪರವಾಗಿಲ್ಲ ಚಿಕ್ಕಮ್ಮ. ಟೀ ಕುಡೀರಿ." ಇನ್‌ಸ್ಪೆಕ್ಟರ್ ನೋದಾರ್ ಕುರ್ಚಿಯನ್ನು ಗಾಜಿನ ಪಕ್ಕಕ್ಕೆ ಎಳೆದುಕೊಟ್ಟ. "ಇಲ್ಲಿ ಬಿಸಿಲಿದೆ. ನಿಮ್ಮ ಮಂಡಿಗೆ ಒಳ್ಳೇದು."

ಹೊಸ ಠಾಣೆಗೆ ಸುತ್ತಲೂ ಗಾಜಿನ ಗೋಡೆ. ಒಳಗೆ ಯಾರಿಗೂ ಏಟು ಬೀಳುವುದಿಲ್ಲ ಎಂಬುದನ್ನು ಊರು ಕಣ್ಣಾರೆ ನೋಡಲಿ ಎಂದು ರಾಜಧಾನಿ ತ್ಬಿಲಿಸಿಯವರು ಹಾಗೆ ಕಟ್ಟಿಸಿದ್ದರು. ಹಳೆಯ ಪೊಲೀಸರನ್ನು ಮನೆಗೆ ಕಳಿಸಿದ್ದರು. ಆ ಹಳಬರು ದಿನಾ ಎರಡು ರೊಟ್ಟಿ ಎತ್ತಿಕೊಂಡು ಹೋಗುತ್ತಿದ್ದರು. ಕಾಸು ಕೇಳಿದರೆ ಒಲೆಗೆ ಉಗಿಯುತ್ತಿದ್ದರು. ನೋದಾರ್ ಎತೇರಿಯನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಅರವತ್ತು ವರ್ಷದಲ್ಲಿ ಅವಳೆದುರು ಎದ್ದು ನಿಂತ ಮೊದಲ ಪೊಲೀಸ್ ಅವನೇ.

ದ್ರಾಕ್ಷಿ ಕೊಯ್ಲಿನ ಕೊನೆಯ ವಾರ, ಬೆಳಗಿನ ಆರಕ್ಕೆ, ಮಾರುಕಟ್ಟೆಯಲ್ಲಿ ದ್ರಾಕ್ಷಿ ತೂಗುವ ಓತಾರ್‌ನನ್ನು ಅವಳ ಅಂಗಡಿಯೆದುರಿನ ಸೇತುವೆಯ ಮೇಲೆ ಇರಿದು ಕೊಂದಿದ್ದರು. ಇರಿದವನು ಮಾರುಕಟ್ಟೆ ಆಳುವ ಗೂರಾಮ್ ಎಂದು ಊರಿಗೆಲ್ಲ ಗೊತ್ತಿತ್ತು. ಪೊಲೀಸರು ಅವನನ್ನು ಹಿಡಿದು ಒಳಗೂ ಹಾಕಿದ್ದರು. ನೋಡಿದೆ ಎನ್ನುವವರು ಮಾತ್ರ ಒಬ್ಬರೂ ಇರಲಿಲ್ಲ.

ಎತೇರಿ ಒಂದು ಗಂಟೆ ಕೂತಳು. ಮಂಡಿನೋವು, ಹುಳಿಯಾದ ವೈನು, ಮಗನಿಗೆ ಕೂಡಿಬರದ ಮದುವೆ, ಬಾಯಿಗೆ ಬಂದದ್ದೆಲ್ಲ ಹೇಳಿದಳು. ನೋದಾರ್ ತಲೆ ಎತ್ತದೆ ಬರೆದುಕೊಂಡ. ಹೊರಡುವಾಗ ಮೆಟ್ಟಿಲವರೆಗೆ ಬಂದು, ತುಂಬಿದ ಮಾರುಕಟ್ಟೆಯ ಎದುರು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ.

ಆ ವಾರ ರೊಟ್ಟಿ ಕೊಳ್ಳುವವರ ಸಾಲು ಅರ್ಧಕ್ಕಿಳಿಯಿತು.

"ಇನ್ನು ನಾನು ಹೋಗಲ್ಲ," ಎಂದಳು ಜಾಬಾನಿಗೆ. ಒಬ್ಬನೇ ಮಗ, ಮೂವತ್ತೆರಡು ವರ್ಷದವನು. ಕಟ್ಟಿಗೆ ತರುವುದು, ಬೆಂದ ರೊಟ್ಟಿಯನ್ನು ಬೀದಿಯ ಹಲಗೆಯ ಮೇಲೆ ಜೋಡಿಸುವುದು ಅವನ ಪಾಲಿನ ಕೆಲಸ.

"ಕರೆದಾಗ ಹೋಗ್ಬೇಕಮ್ಮ. ನಾವು ನಂಬದಿದ್ರೆ ಇವ್ರೂ ಹಳಬರ ಥರಾನೇ ಆಗ್ತಾರೆ."

"ಊರೆಲ್ಲ ನನ್ನನ್ನೇ ನೋಡುತ್ತೆ ಕಣೋ."

"ನೋಡ್ಲಿ ಬಿಡು. ನಿನಗೇನ್ ಮಾಡ್ತಾರೆ? ನಮ್ಮೂರಲ್ಲಿ ಹೆಂಗಸಿನ ಮೇಲೆ ಕೈಯೆತ್ತೋನು ಇನ್ನೂ ಹುಟ್ಟಿಲ್ಲ."

ಸುಳ್ಳಲ್ಲ. ಕಾದಾಡುವ ಇಬ್ಬರ ನಡುವೆ ಹೆಂಗಸೊಬ್ಬಳು ತಲೆವಸ್ತ್ರ ಎಸೆದರೆ ಎಂಥವನ ಚೂರಿಯೂ ಒರೆಗೆ ಹೋಗಲೇಬೇಕು. ಗೂರಾಮ್‌ನ ಮನೆಯವರೂ ಅದನ್ನು ಮೀರಿದವರಲ್ಲ.

ನಾಲ್ಕನೇ ಸೋಮವಾರ ಜಾಬಾ ತಾನೇ ಪೆಟ್ಟಿಗೆ ತೆಗೆದು ಈಸ್ಟರ್‌ಗೆ ಕಟ್ಟುವ ಹಸಿರು ತಲೆವಸ್ತ್ರ ಕೊಟ್ಟ. "ಇದನ್ನ ಕಟ್ಕೋ. ಚೆನ್ನಾಗಿ ಕಾಣುತ್ತೆ." ಮಾರುಕಟ್ಟೆ ಚೌಕದ ಅಂಚಿನವರೆಗೆ ಬಂದು ನಿಂತ. ಠಾಣೆಯ ಕಡೆ ಬರಲಿಲ್ಲ.

ಗುರುವಾರ ಗೂರಾಮ್‌ನ ತಮ್ಮ ವಾಜಾ ಅಂಗಡಿಗೆ ಬಂದ. ಬೇರೆ ಗಿರಾಕಿ ಇರಲಿಲ್ಲ.

"ಏನ್ ಚಿಕ್ಕಮ್ಮ, ಸೋಮವಾರದ ಟೀ ಬಹಳ ಚೆನ್ನಾಗಿರುತ್ತಂತೆ."

"ನಾನೇನೂ ಹೇಳಿಲ್ಲ ವಾಜಾ. ನನ್ನ ಹತ್ರ ಹೇಳೋಕೇನೂ ಇಲ್ಲ."

"ಒಂದ್ ಗಂಟೆ ಬರ್ಕೊಳ್ಳೋವಷ್ಟು ಏನೂ ಇಲ್ವಾ?" ಕಾಸು ಇಟ್ಟ, ರೊಟ್ಟಿಯನ್ನು ಕಂಕುಳಿಗೆ ಸೇರಿಸಿಕೊಂಡ. "ಹೆದರ್ಬೇಡಿ. ಮನೇಲಿ ಗಂಡಸಿರೋವಾಗ ಹೆಂಗಸರ ಜೊತೆ ನಮಗೇನು ಮಾತು?"

ಎತೇರಿ ಏಪ್ರನ್ ಬಿಚ್ಚದೆ ಠಾಣೆಗೆ ಓಡಿದಳು. ನೋದಾರ್ ಕೇಳಿಸಿಕೊಂಡು ಕಾವಲು ಹಾಕಿದ. ಅಂಗಡಿಯ ಬಾಗಿಲಿಗೊಬ್ಬ, ಅವಳ ಬೆನ್ನಿಗೊಬ್ಬ. ಇಗರ್ಜಿಗೆ ಹೋದರೂ ನೀಲಿ ಅಂಗಿಯವನು ಹಿಂದೆಯೇ. ಜಾಬಾ ಅದನ್ನು ನೋಡಿ ಬಹಳ ದಿನದ ಮೇಲೆ ನಕ್ಕ. "ಮಂತ್ರಿಗೂ ಇಷ್ಟು ಜನ ಇರಲ್ಲಮ್ಮ."

ಶನಿವಾರ ಅವನು ಕಟ್ಟಿಗೆಗೆಂದು ಒಬ್ಬನೇ ಕಾಡಿಗೆ ಹೋದ. ಮಧ್ಯಾಹ್ನ ಕುದುರೆಗಾಡಿ ಮಾತ್ರ ಬಂತು. ಅವನು ದಾರಿಯಲ್ಲಿ ಬಿದ್ದಿದ್ದ. ಒಂದೇ ಇರಿತ.

ಮಣ್ಣು ಮಾಡಿದ ಮರುದಿನ ಎತೇರಿ ಕಪ್ಪು ಬಟ್ಟೆ ಉಟ್ಟು ಠಾಣೆಗೆ ಬಂದಳು. ನೋದಾರ್ ಎದ್ದು ನಿಂತ. ಕುರ್ಚಿ ಎಳೆಯಲಿಲ್ಲ.

"ನಾನು ಏನ್ ಹೇಳಿದೀನಿ ಅಂತ ಬರ್ದಿದೀಯ, ಓದು. ಬಾಗಿಲು ತೆಗೆದು ಗಟ್ಟಿಯಾಗಿ ಓದು. ನಾನು ಬಾಯಿ ಬಿಟ್ಟಿಲ್ಲ ಅಂತ ಊರಿಗೆ ಕೇಳ್ಲಿ."

ಅವನು ಕಡತ ಬಿಚ್ಚಿದ. ನಾಲ್ಕು ಸೋಮವಾರದ ಹಾಳೆಗಳು. ಎಲ್ಲದರ ಮೇಲೂ ಗೀಚು, ಗೆರೆ, ಸುತ್ತು. ಒಂದು ಪದವೂ ಇಲ್ಲ.

"ನಾನು ಹೇಳಿದ್ದು ನಿಂಗೆ ಬೇಕಾಗೇ ಇರ್ಲಿಲ್ಲ," ಎಂದಳು.

"ಸಾಕ್ಷಿ ಮೊದ್ಲೇ ಸಿಕ್ಕಿತ್ತು ಚಿಕ್ಕಮ್ಮ. ಕೋರ್ಟಿನವರೆಗೂ ಹೆಸರು ಹೊರಗೆ ಬರಬಾರದಿತ್ತು. ಅಲ್ಲೀವರೆಗೂ ಊರಿಗೆ ನೋಡೋಕೆ ಬೇರೆ ಯಾರಾದ್ರೂ ಬೇಕಿತ್ತು."

"ಯಾರನ್ನೋ ಉಳಿಸೋಕೆ ನನ್ನ ಮಗನ್ನ ಕೊಂದ್ರಿ."

ನೋದಾರ್ ಕಡತದ ತಳದಿಂದ ಒಂದು ಹಾಳೆ ತೆಗೆದು ಅವಳ ಕೈಗಿಟ್ಟ. ತಾರೀಕು ಅವಳ ಮೊದಲ ಸೋಮವಾರಕ್ಕಿಂತ ಐದು ದಿನ ಹಿಂದಿನದು. ರೊಟ್ಟಿ ಜೋಡಿಸುತ್ತಿದ್ದೆ, ಇಪ್ಪತ್ತು ಹೆಜ್ಜೆ ದೂರದಿಂದ ನೋಡಿದೆ, ಇರಿದವನು ಗೂರಾಮ್. ಚಿಕ್ಕಂದಿನಲ್ಲಿ ಆ ಕೈಬರಹವನ್ನು ತಿದ್ದಿಸಿದವಳು ಅವಳೇ.

ಹಾಳೆಯನ್ನು ಮೇಜಿನ ಮೇಲಿಟ್ಟು ಕೇಳಿದಳು. "ನನ್ನನ್ನ ಇಲ್ಲಿ ಕೂರ್ಸಿ ಅಂದಿದ್ದು ಯಾರು?"

"ಅವನೇ. ಅಮ್ಮನ್ನ ಯಾರೂ ಮುಟ್ಟಲ್ಲ ಅಂದ."

"ಕಾವಲು ಅವನಿಗ್ಯಾಕೆ ಹಾಕಲಿಲ್ಲ?"

"ಹಾಕಿದ್ರೆ ಊರಿಗೆ ಗೊತ್ತಾಗ್ತಿತ್ತು."

ಮಾರ್ಚಿನಲ್ಲಿ ಸಾಕ್ಷಿಯಿಲ್ಲದೆ ಗೂರಾಮ್ ಬಿಡುಗಡೆಯಾದ. ಪೊಲೀಸರು ಕಳೆದುಕೊಂಡದ್ದು ಒಬ್ಬ ಸಾಕ್ಷಿಯನ್ನು, ಎತೇರಿ ಕಳೆದುಕೊಂಡದ್ದು ಒಬ್ಬ ಮಗನನ್ನು. ಹೂತದ್ದು ಒಂದೇ ಹೆಣ.