ನೀಲಿಯಲ್ಲಿ ಮೂಡಿದ ಗಿಡ

ಗುಡ್ಡದಿಂದ ಕಾಣೆಯಾಗಿದ್ದ ಆ ಪುಟ್ಟ ಗಿಡವನ್ನು ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದ ಅಪ್ಪ ಮೊಣಕಾಲು ಸೋಲುವವರೆಗೂ ಹುಡುಕಿದ್ದರು. ಈಗ ಅವರಿಗೆ ಗುಡ್ಡ ಹತ್ತಲಾಗುತ್ತಿರಲಿಲ್ಲ. ಹಾಗಾಗಿ ಕಲ್ಲುಸಂದಿಯಲ್ಲಿ ಅದು ಹೂಬಿಟ್ಟು ನಿಂತದ್ದನ್ನು ಕಂಡು ಮಗಳು ಶಾಲ್ಮಲಿ ಹಿಗ್ಗಿಹೋದಳು. ಬೇರು ಹರಿಯದಂತೆ ಜೋಪಾನವಾಗಿ ಕಿತ್ತು ತಂದಳು.

ಮನೆಗೆ ಬಂದವಳೇ ರಾಸಾಯನಿಕ ಬಳಿದ ಕಾಗದದ ಮೇಲೆ ಗಿಡವನ್ನು ಹರಡಿ, ಗಾಜು ಮುಚ್ಚಿ, ಮಾಳಿಗೆಯ ಬಿಸಿಲಿಗಿಟ್ಟಳು. ಆಮೇಲೆ ಗಿಡ ತೆಗೆದು ಕಾಗದವನ್ನು ನೀರಿನಲ್ಲಿ ತೊಳೆದರೆ ಬಿಸಿಲು ತಾಗಿದಲ್ಲೆಲ್ಲ ಕಡುನೀಲಿ. ನಡುವೆ ಗಿಡದ ಅಚ್ಚು ಬೆಳ್ಳಗೆ, ಬೇರಿನ ಎಳೆಎಳೆ ಸಮೇತ ಮೂಡಿತ್ತು. ಒದ್ದೆ ಹಾಳೆಯನ್ನೇ ಅಪ್ಪನ ಮುಂದೆ ಹಿಡಿದಳು.

ಅಪ್ಪನ ಕಣ್ಣು ತುಂಬಿ ಬಂತು.

"ಇದ ನೋಡವ್ವಾ, ಇದ! ಎಲ್ಲಿ ಸಿಕ್ತು?"

"ಗುಡ್ಡದ ಹಿಂದ, ಕಲ್ಲಿನ ಸಂದ್ಯಾಗ."

"ಹಂಗಾರ ಇನ್ನೂ ಉಳದೈತಿ! ನಾಳೆನ ಸುತ್ತ ಬೇಲಿ ಹಾಕಸೋಣು. ಬೀಜ ಕಟ್ಟಿದ್ರ ಗುಡ್ಡದ ತುಂಬ ಹಬ್ಬಸಬಹುದು. ಅಲ್ಲಿ ಎಷ್ಟು ಗಿಡ ಇದ್ದುವು?"

ಶಾಲ್ಮಲಿ ಹಾಳೆಯಲ್ಲಿ ಮೂಡಿದ ಬೇರನ್ನೇ ನೋಡಿದಳು. ಅಪ್ಪ ನಗುತ್ತಲೇ ಕಾಯುತ್ತಿದ್ದರು.

"ಒಂದ ಇತ್ತಪ್ಪಾ."