ಪಟ್ಟದರಾಣಿಯ ಅಳು

"ಯುಗಾದಿ ಕಳೀಲಿ, ಎರಡನೆಯವಳನ್ನ ತರ್ತೀನಿ," ಎಂದ ಮರುಳಸಿದ್ದಪ್ಪ. ತಟ್ಟೆಯಿಂದ ತಲೆ ಎತ್ತಿ ಹೆಂಡತಿಯ ಮುಖವನ್ನೇ ನೋಡುತ್ತ ಕುಳಿತ.

ವಿಮಲಮ್ಮನ ಕೈಯಿಂದ ಸೌಟು ಜಾರಿತು. ಮದುವೆಯಾಗಿ ಹತ್ತು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಬಂದವಳು ಒಂದು ಮಗು ಹೆತ್ತರೆ ಸಾಕು, ತಾನು ಈ ಮನೆಯಲ್ಲಿ ಕಸ ಗುಡಿಸುವವಳೇ ಸರಿ.

"ಹತ್ತು ವರ್ಷ ನಿಮ್ಮ ಹೊಸ್ತಿಲು ಸಾರಿಸಿದ ಕೈ ಇದು. ಇದನ್ನ ತುಳ್ಕೊಂಡು ಅವಳು ಒಳಗೆ ಬರ್ಬೇಕಾ?" ಎಂದು ಎರಡೂ ಅಂಗೈ ಚಾಚಿ ಅತ್ತಳು.

ಬೇರೆ ಗಂಡಸಾಗಿದ್ದರೆ ಎದ್ದು ಹೋಗುತ್ತಿದ್ದ. ಇವನು ಕದಲಲಿಲ್ಲ. "ಏನಂದೆ? ಇನ್ನೊಂದ್ಸಲ ಹೇಳು," ಎಂದ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ದಿನವೂ ಅದೇ ಆಯಿತು. ಏಲಕ್ಕಿ ವ್ಯಾಪಾರ ಮುಗಿಸಿ ಬರುವುದು, ಹೊಸಬಳ ಮಾತೆತ್ತಿ ಇವಳನ್ನು ಅಳಿಸುವುದು, ನಾಟಕದ ಅಭ್ಯಾಸವೆಂದು ಹೊರಟುಹೋಗುವುದು. ಅಭ್ಯಾಸ ಯಾರ ಮನೆಯಲ್ಲೋ ಎಂದು ಸೋಮವಾರಪೇಟೆಯ ಹೆಂಗಸರು ಮುಸಿಮುಸಿ ನಕ್ಕರು.

ವಿಮಲಮ್ಮ ಶನಿವಾರಸಂತೆಯ ತವರಿಗೆ ಹೋಗಿ, ಕೆಲವು ದಿನ ಇದ್ದು ಬಂದಳು. ಅಳು ನಿಂತಿತ್ತು.

"ನಿಮಗೆ ಬೇಕಾದ್ದು ಎರಡನೆಯವಳು. ಯಾರಾದ್ರೇನು, ಅಲ್ವಾ?"

"ಹೂಂ, ಯಾರಾದ್ರೇನು," ಎಂದ ಅವನು. ಅವಳ ಒಣಗಿದ ಕಣ್ಣು ನೋಡಿ ಅವನಿಗೆ ಸಿಡಿಮಿಡಿಯಾಯಿತು.

ಯುಗಾದಿಯ ಸಂಜೆ ನಾಟಕ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ: ರಾಜ ಇನ್ನೊಬ್ಬಳಿಗೆ ಮನಸೋಲುತ್ತಾನೆ, ಪಟ್ಟದರಾಣಿ ತಾನೇ ಅವಳ ಕೈ ಹಿಡಿದು ತಂದು ಅವನಿಗೆ ಒಪ್ಪಿಸುತ್ತಾಳೆ. ಈ ಸಲ ರಾಣಿ ಬಾಗಿಲಿಗೆ ಅಡ್ಡ ನಿಂತಳು. ಎರಡೂ ಅಂಗೈ ಚಾಚಿದಳು. "ಹತ್ತು ವರ್ಷ ನಿಮ್ಮ ಹೊಸ್ತಿಲು ಸಾರಿಸಿದ ಕೈ ಇದು..."

ರಾಣಿ ಯಾವಾಗ ಹೊಸ್ತಿಲು ಸಾರಿಸಿದಳು ಎಂದು ಯಾರೂ ಕೇಳಲಿಲ್ಲ. ಸುಬೇದಾರರ ಹೆಂಡತಿ ಬಿಕ್ಕಿದರು. ಭಾಷೆ ತಿಳಿಯದ ಕಾಫಿತೋಟದ ಇಂಗ್ಲಿಷ್ ದೊರೆ ಕೂಡ ಮೂಗು ಒರೆಸಿಕೊಂಡ. ರಾಣಿಯ ಸೀರೆಯೊಳಗಿದ್ದವನು ಮರುಳಸಿದ್ದಪ್ಪ.

ಪರದೆ ಬಿದ್ದದ್ದೇ ತಡ, ಬಣ್ಣದ ಮುಖದಲ್ಲೇ, ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಹೆಂಡತಿಯ ಹತ್ತಿರ ಓಡಿಬಂದ. "ಎರಡನೆಯವಳೂ ಇಲ್ಲ, ಮೂರನೆಯವಳೂ ಇಲ್ಲ ಕಣೇ! ರಾಣಿಗೆ ಒಂದು ಅಳು ಬೇಕಿತ್ತು, ನಿನ್ನ ಹತ್ರ ಕಲ್ತೆ!"

ವಿಮಲಮ್ಮ ನಗಲಿಲ್ಲ. ಅವನ ಮೇಲೆ ಹೇಸಿಗೆಯಾಯಿತು, ತನ್ನ ಮೇಲೂ.

"ಗಂಡನ್ನ ಕಳ್ಕೊಂಡು ತವರಲ್ಲಿದ್ದಳಲ್ಲ ನನ್ನ ತಂಗಿ ರುದ್ರಮ್ಮ, ಯಾರೋ ಬರೋ ಬದಲು ನೀನೇ ಬಾ ಅಂತ ನಾನೇ ಕಾಲು ಹಿಡಿದು ಒಪ್ಪಿಸ್ದೆ. ಅಪ್ಪ ಕುಲದವರಿಗೆಲ್ಲ ವೀಳ್ಯ ಕೊಟ್ಟು ಸಂಬಂಧ ಗಟ್ಟಿ ಮಾಡಿ, ಇವತ್ತು ಮಧ್ಯಾಹ್ನ ನೀವು ಬಣ್ಣ ಹಚ್ಕೊಳ್ಳೋಕೆ ಹೊರಟ ಮೇಲೆ ಅವಳನ್ನ ನಮ್ಮನೆಗೆ ತಂದು ಬಿಟ್ಟು ಹೋದ್ರು. ನಡೀರಿ, ಇದೆಲ್ಲ ನಾಟಕ ಅಂತ ಅವಳಿಗೆ ನೀವೇ ಹೇಳಿ."