ಮೂರನೇ ಮಹಡಿಯ ಮೇಜು

"ಮೆಟ್ಟಿಲು ಹತ್ತೋಕಾಗುತ್ತಾ ಅಜ್ಜಿ?" ಎಂದು ಕೇಳಿದ ಮೇಲೆಯೇ ಸಮಾಜ ಕಾರ್ಯಕರ್ತೆಗೆ ತನ್ನ ಪ್ರಶ್ನೆಯ ಚೆಂದ ಹೊಳೆದದ್ದು. ಲಿಫ್ಟ್ ಕೆಟ್ಟ ಕಚೇರಿಯ ಮೂರನೇ ಮಹಡಿಯಲ್ಲಿ, ಅವಳೆದುರು ಏದುಸಿರು ಬಿಡುತ್ತ ಕೂತಿದ್ದರು, ಬೀದಿ ಬದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅಜ್ಜಿ. ಖರ್ಚು ಕಡಿತಕ್ಕೆಂದು ಸರ್ಕಾರ ತಂದ ಹೊಸ ನಿಯಮದಂತೆ, ಮೆಟ್ಟಿಲು ಹತ್ತಬಲ್ಲವರು ದುಡಿಯಬಲ್ಲವರು; ಅವರಿಗೆ ಪಿಂಚಣಿ ಇಲ್ಲ. ವಾರದಿಂದ ಈ ಮೇಜಿನ ತನಕ ಬಂದವರೆಲ್ಲ, ಬಂದ ತಪ್ಪಿಗೇ ಪಿಂಚಣಿ ಕಳೆದುಕೊಂಡಿದ್ದರು. ಬರಲಾಗದವರು ಅರ್ಜಿಯನ್ನೇ ಕೊಟ್ಟಿರಲಿಲ್ಲ.

"ಹತ್ತಲಿಲ್ಲ ಮಗಳೇ, ಒಂದೊಂದೇ ಮೆಟ್ಟಿಲ ಮೇಲೆ ಕೂತ್ಕೊಂಡು ಕೂತ್ಕೊಂಡು ಬಂದೆ," ಎನ್ನುತ್ತ ಅಜ್ಜಿ, ಗರಿಗರಿ ಇಸ್ತ್ರಿ ಮಾಡಿದ ಬಟ್ಟೆಯ ಹಿಂಬದಿಗೆ ಮೆತ್ತಿದ್ದ ಧೂಳನ್ನು ಸಂಕೋಚದಿಂದ ಕೊಡವಿದರು.

ಆ ಧೂಳು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಅರ್ಜಿಯಲ್ಲಿ 'ಮೆಟ್ಟಿಲು ಹತ್ತಬಲ್ಲರೇ?' ಎಂಬುದರ ಮುಂದೆ 'ಇಲ್ಲ' ಎಂದು ದಪ್ಪಗೆ ಬರೆದು, ಎದ್ದು ಮೇಜಿನ ಒಂದು ತುದಿ ಹಿಡಿದು, ಬಾಗಿಲಲ್ಲಿದ್ದ ಜವಾನನನ್ನು ಕರೆದಳು. "ಅಣ್ಣಾ, ಆ ಕಡೆ ಹಿಡ್ಕೊಳ್ಳಿ. ಕೆಳಗೆ ಹೋಗೋಣ."

"ಸಾಹೇಬ್ರು ಕೇಳಿದ್ರೆ?" ಜವಾನ ತಲೆ ಕೆರೆದುಕೊಂಡ.

"ಇಳಿದು ಬಂದು ಕೇಳ್ಲಿ. ಅವರ ಮಂಡಿ ಗಟ್ಟಿಯಾಗೇ ಇದೆಯಲ್ಲ!"

ಮೊದಲು ಮೇಜು ಇಳಿಯಿತು. ಹಿಂದೆಯೇ ಕುರ್ಚಿ, ಕುರ್ಚಿಯಲ್ಲಿ ಅಜ್ಜಿ. ಮೊದಲ ಮೆಟ್ಟಿಲಲ್ಲೇ ಸೋತು ಮನೆಯ ದಾರಿ ಹಿಡಿದಿದ್ದ ಊರುಗೋಲಿನ ತಾತ, ಕೆಳಗೆ ಬಂದ ಮೇಜು ಕಂಡು ಗಕ್ಕನೆ ನಿಂತರು. ತಿರುಗಿ ಬಂದು, ಜೇಬಿನಿಂದ ಮುದುಡಿದ ಅರ್ಜಿ ತೆಗೆದು ಮೇಜಿನ ಮೇಲಿಟ್ಟು ಅಂಗೈಯಿಂದ ನೀವಿದರು.